ಬರೆದವನು ಸಿಗದಿದ್ದರೆ ಮಾರಿದವನನ್ನು ಹಿಡಿ

ಕಡ್ಲೆಕಾಯಿ ತಿಂದಾದ ಮೇಲೆ ಪೊಟ್ಟಣದ ಕಾಗದ ಬಿಡಿಸಿ ಓದುವ ಚಾಳಿ ನಮ್ಮಲ್ಲಿ ಸುಮಾರು ಜನಕ್ಕಿದೆ. ಅರ್ಧ ಸುದ್ದಿ, ಯಾರದೋ ನೋಟ್‌ಬುಕ್ಕಿನ ಲೆಕ್ಕ, ತುದಿ ಹರಿದುಹೋದ ಕತೆ. 1792ರ ಲಂಡನ್ನಿನಲ್ಲಿ ಇಂಥದ್ದೇ ಒಂದು ಪೊಟ್ಟಣದ ಕಾಗದ ಕೋರ್ಟಿನಲ್ಲಿ ಸರ್ಕಾರದ ವಾದವಾಗಿ ಬಂತು.

ಆ ವರ್ಷದ ಡಿಸೆಂಬರ್ 18ರಂದು ಗಿಲ್ಡ್‌ಹಾಲ್‌ನಲ್ಲಿ ರಾಜರ ಆಳ್ವಿಕೆಯನ್ನು ಟೀಕಿಸಿ ಪುಸ್ತಕ ಬರೆದ ಥಾಮಸ್ ಪೇನ್ ಮೇಲಿನ ರಾಜದ್ರೋಹದ ಕೇಸು ವಿಚಾರಣೆಗೆ ಬಂತು. ಆರೋಪಿಯೇ ಊರಲ್ಲಿರಲಿಲ್ಲ. ಸೆಪ್ಟೆಂಬರಿನಲ್ಲೇ ಡೋವರ್‌ನಲ್ಲಿ ಹಡಗು ಹತ್ತಿ ಫ್ರಾನ್ಸಿಗೆ ಹೋಗಿ, ಅಲ್ಲಿನ ಹೊಸ ಶಾಸನಸಭೆಯ ಸದಸ್ಯನಾಗಿ ಕೂತಿದ್ದ. ಅಟಾರ್ನಿ ಜನರಲ್ ಆರ್ಚಿಬಾಲ್ಡ್ ಮ್ಯಾಕ್‌ಡೊನಾಲ್ಡ್ ಎದ್ದು ನಿಂತು ಹೇಳಿದ್ದರ ಸಾರ ಇಷ್ಟು: ‘ರೈಟ್ಸ್ ಆಫ್ ಮ್ಯಾನ್’ ಪುಸ್ತಕದ ಮೊದಲ ಭಾಗ ಬಂದಾಗ ನಾನು ಸುಮ್ಮನಿದ್ದೆ, ಅದನ್ನು ಓದುವವರು ತಿಳಿವಳಿಕೆಯುಳ್ಳವರು, ಸರಿ ಯಾವುದು ತಪ್ಪು ಯಾವುದು ಅಂತ ಅವರೇ ತೂಗಿ ನೋಡುತ್ತಾರೆ ಅಂದುಕೊಂಡೆ. ಎರಡನೇ ಭಾಗ ಹಾಗಲ್ಲ. ಅದನ್ನು ಕಂಡಕಂಡವರ ಕೈಗೆಲ್ಲ ತುರುಕುತ್ತಿದ್ದಾರೆ, ಮಕ್ಕಳ ಮಿಠಾಯಿಯನ್ನೂ ಅದರ ಹಾಳೆಯಲ್ಲೇ ಸುತ್ತಿ ಕೊಡುತ್ತಿದ್ದಾರೆ.

ಮೊದಲ ಭಾಗದ ಬೆಲೆ ಮೂರು ಶಿಲಿಂಗ್. ಆಮೇಲೆ ಬಂದ ಅಗ್ಗದ ಪ್ರತಿ ಆರು ಪೆನ್ನಿ, ಶಿಲಿಂಗಿಗೆ ಹನ್ನೆರಡು ಪೆನ್ನಿ, ಅಂದರೆ ಆರನೇ ಒಂದು ಪಾಲು. ಹೊಲದ ಕೂಲಿಯವನಿಗೆ ವಾರಕ್ಕೆ ಎಂಟೊಂಬತ್ತು ಶಿಲಿಂಗ್ ಸಿಗುತ್ತಿದ್ದ ಕಾಲ ಅದು. ಮೂರು ಶಿಲಿಂಗಿನ ಪುಸ್ತಕ ಅವನ ಪಾಲಿಗೆ ಇಲ್ಲವೇ ಇಲ್ಲ. ಆರು ಪೆನ್ನಿಯದ್ದನ್ನು ನಾಲ್ಕು ಜನ ಸೇರಿ ಕೊಳ್ಳಬಹುದು, ಹೆಂಡದಂಗಡಿಯಲ್ಲಿ ಒಬ್ಬ ಓದಿದರೆ ಉಳಿದವರು ಕೇಳಬಹುದು. ಪುಸ್ತಕದಲ್ಲಿ ಏನಿದೆ ಅನ್ನುವುದಕ್ಕಿಂತ ಅದು ಯಾರ ಕೈಗೆ ಹೋಯಿತು ಅನ್ನುವುದೇ ಸರ್ಕಾರಕ್ಕೆ ಜಾಸ್ತಿ ಉರಿ ಹತ್ತಿಸಿತ್ತು. ಇದನ್ನು ಸರ್ಕಾರಿ ವಕೀಲ ತನ್ನ ಬಾಯಿಂದಲೇ ಒಪ್ಪಿಕೊಂಡಿದ್ದು ನೋಡಿ, ನನಗೆ ಈ ಕೇಸಿನಲ್ಲಿ ಇಷ್ಟವಾಗುವುದೇ ಆ ಪ್ರಾಮಾಣಿಕತೆ.

ತೀರ್ಪು ಬರಲು ಹೊತ್ತಾಗಲಿಲ್ಲ. ಪೇನ್ ಪರ ಥಾಮಸ್ ಅರ್ಸ್ಕಿನ್ ಗಂಟೆಗಟ್ಟಲೆ ವಾದ ಮಾಡಿ ಕೂತ. ಅಟಾರ್ನಿ ಜನರಲ್ ಉತ್ತರ ಕೊಡಲು ಎದ್ದರೆ, ನಿಮ್ಮ ಉತ್ತರ ನಮಗೆ ಬೇಕಿಲ್ಲ ಅಂದ ಹನ್ನೆರಡು ನಾಗರಿಕರ ಜ್ಯೂರಿ ಕೂತಲ್ಲೇ ಅಪರಾಧಿ ಅಂತ ಹೇಳಿಬಿಟ್ಟಿತು.

ಪೇನ್ ಅಂತೂ ಸಿಗಲಿಲ್ಲ. ಆದರೆ ಅವನ ಪುಸ್ತಕ ಮಾರಿದವರು ಎಲ್ಲಿಗೆ ಹೋಗುತ್ತಾರೆ? ಅವರಿಗೆ ಅಂಗಡಿ ಇದೆ, ಬೋರ್ಡು ಇದೆ, ಮೇಲಿನ ಮಹಡಿಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಪೊಲೀಸಿನವನು ಹುಡುಕಬೇಕಾಗಿಯೇ ಇಲ್ಲ, ಬಾಗಿಲು ತೆರೆದೇ ಇರುತ್ತದೆ. ಲೀಸೆಸ್ಟರಿನ ರಿಚರ್ಡ್ ಫಿಲಿಪ್ಸ್‌ಗೆ ಪೇನ್ ಪುಸ್ತಕ ಮಾರಿದ್ದಕ್ಕೆ 18 ತಿಂಗಳು ಜೈಲು. (ಇದೇ ಮನುಷ್ಯ 1807ರಲ್ಲಿ ಲಂಡನ್ನಿನ ಶೆರೀಫ್ ಆದ, ಆಮೇಲೆ ‘ಸರ್’ ಕೂಡ ಆದ. ಆ ಅದೃಷ್ಟ ಎಲ್ಲರಿಗೂ ಇರಲಿಲ್ಲ.) ನ್ಯೂಆರ್ಕ್ ಊರಿನ ಡೇನಿಯಲ್ ಹೋಲ್ಟ್‌ಗೆ ನಾಲ್ಕು ವರ್ಷ. ಲಂಡನ್ನಿನ ಜೇಮ್ಸ್ ರಿಡ್ಜ್‌ವೇ ಮತ್ತು ಸೈಮಂಡ್ಸ್ ಇಬ್ಬರೂ ನ್ಯೂಗೇಟ್ ಜೈಲಿಗೆ ಹೋದರು, ಹೋದವರು ಸುಮ್ಮನಿರದೆ ಅಲ್ಲಿಂದಲೇ ಸೇರಿಕೊಂಡು ಪುಸ್ತಕ ಹೊರತಂದರು. ಥಾಮಸ್ ಸ್ಪೆನ್ಸ್ ಅಂತ ಒಬ್ಬನಿದ್ದ, ಚಾನ್ಸರಿ ಲೇನ್‌ನಲ್ಲಿ ಸಣ್ಣ ಕಟ್ಟೆ ಇಟ್ಟುಕೊಂಡು ಸಲೂಪ್ ಅನ್ನುವ ಬಿಸಿ ಪಾನೀಯ ಮಾರುತ್ತಿದ್ದ, ಬಡವರ ಕಾಫಿ ಅಂದುಕೊಳ್ಳಿ. ಅದರ ಪಕ್ಕದಲ್ಲೇ ಪುಸ್ತಕ. ಅವನನ್ನೂ 1792ರ ಡಿಸೆಂಬರಿನಲ್ಲಿ ಹಿಡಿದರು.

ಇದು ಇಂಗ್ಲೆಂಡಿನ ಕತೆ ಮಾತ್ರ ಅಲ್ಲ. ಕ್ರಾಂತಿಯ ಬೆನ್ನೇರಿ ಬಂದು ಚಕ್ರವರ್ತಿಯಾದ ನೆಪೋಲಿಯನ್ನನ ಸೈನ್ಯ, ತನ್ನನ್ನು ಬೈದ ಒಂದು ಅನಾಮಧೇಯ ಪುಸ್ತಿಕೆಗಾಗಿ ನ್ಯೂರೆಂಬರ್ಗ್‌ನ ಪುಸ್ತಕ ವ್ಯಾಪಾರಿ ಯೋಹಾನ್ ಫಿಲಿಪ್ ಪಾಮ್‌ನನ್ನು 1806ರ ಆಗಸ್ಟ್ 26ರಂದು ಗುಂಡಿಟ್ಟು ಕೊಂದಿತು. ಬರೆದವರು ಯಾರು ಅಂತ ಅವನು ಕೊನೆಗೂ ಬಾಯಿ ಬಿಡಲಿಲ್ಲ.

ಇಂಗ್ಲೆಂಡಿನಲ್ಲಿ ಸಾಕ್ಷಿ ಹುಟ್ಟಿಸುವುದು ತುಂಬ ಸುಲಭವಾಗಿತ್ತು. 1792ರ ನವೆಂಬರಿನಲ್ಲಿ ಜಾನ್ ರೀವ್ಸ್ ಎಂಬಾತ ಲಂಡನ್ನಿನ ಕ್ರೌನ್ ಅಂಡ್ ಆಂಕರ್ ಹೋಟೆಲಿನಲ್ಲಿ ಒಂದು ಸಂಘ ಕಟ್ಟಿದ. ಆಸ್ತಿ ಮತ್ತು ಸ್ವಾತಂತ್ರ್ಯವನ್ನು ಕ್ರಾಂತಿಕಾರಿಗಳಿಂದ ಕಾಪಾಡುವುದು ಅದರ ಉದ್ದೇಶ. ಮಾಡುತ್ತಿದ್ದ ಕೆಲಸ ಚಾಡಿ ಹೇಳುವುದು. ಒಬ್ಬ ಗಿರಾಕಿಯ ಹಾಗೆ ಅಂಗಡಿಗೆ ಹೋಗುತ್ತಾನೆ, ಪುಸ್ತಕ ಕೇಳುತ್ತಾನೆ, ದುಡ್ಡು ಕೊಡುತ್ತಾನೆ, ಹೊರಗೆ ಬಂದು ಅದರ ಮೇಲೆ ತನ್ನ ಗುರುತು ಹಾಕಿಟ್ಟುಕೊಳ್ಳುತ್ತಾನೆ. ಮುಗಿಯಿತು. ಕೋರ್ಟಿನಲ್ಲಿ ಅವನು ಹೇಳಬೇಕಾದ್ದು ಇಷ್ಟೇ: ಈ ಪುಸ್ತಕವನ್ನು ಈ ಅಂಗಡಿಯಲ್ಲಿ ಕೊಂಡೆ.

ಕಾನೂನು ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು. ‘ಸೆಡಿಷಸ್ ಲೈಬಲ್’ ಅನ್ನುತ್ತಿದ್ದರು, ರಾಜದ್ರೋಹದ ಬರಹ ಅಂತ ಇಟ್ಟುಕೊಳ್ಳೋಣ. ಲೈಬಲ್ ಅನ್ನುವ ಮಾತಿನ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದಕ್ಕೆ ‘ಪುಟ್ಟ ಪುಸ್ತಕ’ ಅಂತ ಅರ್ಥ. ರಾಜ, ಸರ್ಕಾರ, ಸಂಸತ್ತು ಇವುಗಳ ಮೇಲೆ ಜನರಿಗೆ ಅಸಹ್ಯ ಹುಟ್ಟಿಸುವ ಹಾಗೆ ಬರೆದರೆ ಅಪರಾಧ. ಬರೆದದ್ದು ನಿಜವೇ ಆಗಿದ್ದರೂ ಉಪಯೋಗವಿಲ್ಲ, ನಿಜವಾದರೆ ಜನ ಇನ್ನೂ ಜಾಸ್ತಿ ಸಿಟ್ಟಾಗುತ್ತಾರಲ್ಲ! ಮಾರುವುದೂ ‘ಪ್ರಕಟಿಸುವುದೇ’. 1770ರಲ್ಲಿ ಜಾನ್ ಆಲ್ಮನ್ ಎಂಬ ಪುಸ್ತಕ ವ್ಯಾಪಾರಿಯ ಕೇಸಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಂಗಡಿಯ ಆಳು ಮಾರಿದರೆ ಯಜಮಾನನೇ ಮಾರಿದ ಹಾಗೆ, ತನಗೆ ಗೊತ್ತಿರಲಿಲ್ಲ ಅಂತ ತೋರಿಸುವ ಹೊರೆ ಯಜಮಾನನ ಮೇಲೆ.

ಅದಕ್ಕಿಂತ ದೊಡ್ಡ ಜಗಳ ಜ್ಯೂರಿಯದ್ದು. ಆರೋಪಿ ಇದನ್ನು ಪ್ರಕಟಿಸಿದನೇ ಇಲ್ಲವೇ ಅಂತಷ್ಟೇ ಜ್ಯೂರಿ ಹೇಳಬೇಕು, ಅದು ರಾಜದ್ರೋಹವೋ ಅಲ್ಲವೋ ಅನ್ನುವುದು ನಮಗೆ ಬಿಟ್ಟದ್ದು ಅಂತ ನ್ಯಾಯಾಧೀಶರು ಪಟ್ಟು ಹಿಡಿದಿದ್ದರು. ಈ ಜಗಳದಲ್ಲಿ ನಮಗೆ ಪರಿಚಯದ ಒಂದು ಹೆಸರು ಸಿಗುತ್ತದೆ. ಸರ್ ವಿಲಿಯಂ ಜೋನ್ಸ್. ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿ, ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ನಿಗೂ ನಂಟಿದೆ ಅಂದ ಅದೇ ಜೋನ್ಸ್. ಭಾರತಕ್ಕೆ ಬರುವ ಮುಂಚೆ ಅವನು ಸರ್ಕಾರ ಅಂದರೇನು ಅಂತ ಒಬ್ಬ ಪಂಡಿತನೂ ಒಬ್ಬ ರೈತನೂ ಮಾತಾಡಿಕೊಳ್ಳುವ ಪುಟ್ಟ ಪುಸ್ತಕ ಬರೆದಿದ್ದ. ಅವನ ಭಾವಮೈದುನ, ಸೇಂಟ್ ಆಸಫ್‌ನ ಪಾದ್ರಿ ವಿಲಿಯಂ ಶಿಪ್ಲಿ, ಅದನ್ನು ಮರುಮುದ್ರಣ ಮಾಡಿಸಿ ಸಿಕ್ಕಿಬಿದ್ದ. 1784ರಲ್ಲಿ ಶ್ರೂಸ್‌ಬರಿಯಲ್ಲಿ ವಿಚಾರಣೆ. ಅಷ್ಟು ಹೊತ್ತಿಗೆ ಪುಸ್ತಕ ಬರೆದವನು ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಜಡ್ಜ್ ಆಗಿ ಕೂತಿದ್ದ! ಜ್ಯೂರಿ ‘ಪ್ರಕಟಿಸಿದ ಅಪರಾಧ ಮಾತ್ರ’ ಅಂದಾಗ ಆ ‘ಮಾತ್ರ’ ಎಂಬ ಪದವನ್ನು ದಾಖಲಿಸಬೇಕೋ ಬೇಡವೋ ಅಂತ ಜಡ್ಜಿಗೂ ಅರ್ಸ್ಕಿನ್‌ಗೂ ಕೋರ್ಟಿನಲ್ಲೇ ಜಟಾಪಟಿಯಾಯಿತು. ಕೊನೆಗೆ 1792ರಲ್ಲಿ ಸಂಸದ ಫಾಕ್ಸ್‌ನ ಲೈಬಲ್ ಕಾಯಿದೆ ಬಂದು, ಪೂರ್ತಿ ತೀರ್ಪು ಜ್ಯೂರಿಯದ್ದೇ ಅಂತಾಯಿತು. ಅದೇ ವರ್ಷದ ಮೇ 21ರಂದು ಹೊರಟ ರಾಜನ ಘೋಷಣೆ, ರಾಜದ್ರೋಹದ ಬರಹ ಬರೆದವರನ್ನೂ ಅಚ್ಚು ಹಾಕಿದವರನ್ನೂ ಹಂಚಿದವರನ್ನೂ ಪತ್ತೆ ಹಚ್ಚಿ ಅಂತ ಮ್ಯಾಜಿಸ್ಟ್ರೇಟರಿಗೆ ಹೇಳಿತ್ತು. ಒಂದು ಕೈಯಲ್ಲಿ ಕೊಟ್ಟದ್ದು, ಇನ್ನೊಂದು ಕೈಯಲ್ಲಿ ಕೋಲು.

ಈ ಹೊಸ ಕಾಯಿದೆಯಿಂದ ಸರ್ಕಾರಕ್ಕೆ ಒಂದು ತಲೆನೋವು ಹುಟ್ಟಿಕೊಂಡಿತು. ಅದನ್ನು ನೋಡಬೇಕಾದರೆ ಪುಸ್ತಕ ವ್ಯಾಪಾರಿ ಡೇನಿಯಲ್ ಐಸಾಕ್ ಈಟನ್‌ನ ಹುಂಜದ ಕೇಸಿಗೆ ಹೋಗಬೇಕು.

ಫ್ರಾನ್ಸಿನ ಕ್ರಾಂತಿಯನ್ನು ವಿರೋಧಿಸಿದ ಸಂಸದ ಎಡ್ಮಂಡ್ ಬರ್ಕ್ ಜನಸಾಮಾನ್ಯರನ್ನು ಹಂದಿಗಳ ಗುಂಪು ಅಂತ ಕರೆದಿದ್ದ. ಈಟನ್ ಅದನ್ನೇ ಹಿಡಿದುಕೊಂಡು ತನ್ನ ಪತ್ರಿಕೆಗೆ ‘ಹಾಗ್ಸ್ ವಾಶ್’ ಅಂತ ಹೆಸರಿಟ್ಟ, ಅಂದರೆ ಹಂದಿಗೆ ಹಾಕುವ ಕಲಗಚ್ಚು. ಅದರಲ್ಲಿ ಜಾನ್ ಥೆಲ್ವಾಲ್ ಹೇಳಿದ ಒಂದು ಕತೆ ಬಂತು. ಅಂಗಳದಲ್ಲಿ ಒಂದು ಹುಂಜ. ಉಳಿದ ಕೋಳಿಗಳನ್ನೆಲ್ಲ ಹೆದರಿಸಿ ಕಾಳು ಕಸಿದುಕೊಂಡು ಮೆರೆಯುತ್ತಿತ್ತು. ತಡೆಯಲಾರದೆ ಅದರ ಕತ್ತು ಕತ್ತರಿಸಿದರು. ಪುಕ್ಕ ಕಿತ್ತು ನೋಡಿದರೆ ತಿಪ್ಪೆ ಕೆದಕುವ ಸಾದಾ ಕೋಳಿಗಿಂತ ಏನೂ ಹೆಚ್ಚಿಲ್ಲ. ಫ್ರಾನ್ಸಿನ ರಾಜನ ತಲೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಸರ್ಕಾರ ಕೇಸು ಹಾಕಿತು. ಇಂಥ ಕೇಸಿನಲ್ಲಿ ಆರೋಪಪಟ್ಟಿ ಬರೆಯುವ ಒಂದು ಕ್ರಮವಿತ್ತು, ಲೇಖಕ ಹೆಸರು ಹೇಳದೆ ಯಾರನ್ನು ಕುಟುಕಿದ್ದಾನೆ ಅನ್ನುವುದನ್ನು ವಾಕ್ಯದ ನಡುನಡುವೆ ಬಿಡಿಸಿ ಹೇಳಬೇಕು. ಹಾಗಾಗಿ ಗಂಭೀರವಾದ ಕೋರ್ಟಿನಲ್ಲಿ, ವಿಗ್ ಹಾಕಿಕೊಂಡ ಮನುಷ್ಯ ಎದ್ದು ನಿಂತು, ‘ಈ ಹುಂಜ, ಅಂದರೆ ನಮ್ಮ ಮಹಾಪ್ರಭುಗಳು’ ಅಂತ ಮತ್ತೆ ಮತ್ತೆ ಓದಬೇಕಾಯಿತು.

ಈಟನ್ ಪರ ವಕೀಲ ಜಾನ್ ಗರ್ನಿ ಬಿಡುತ್ತಾನಾ? ಕತೆಯಲ್ಲಿ ರಾಜನ ಹೆಸರೇ ಇಲ್ಲ, ದಬ್ಬಾಳಿಕೆಯ ಹುಂಜವನ್ನು ನೋಡಿ ನಮ್ಮ ರಾಜರನ್ನು ನೆನೆಸಿಕೊಂಡವರು ಸರ್ಕಾರಿ ವಕೀಲರು, ರಾಜನಿಗೆ ಅವಮಾನ ಮಾಡಿದವರು ಯಾರು ಹಾಗಾದರೆ ಅಂತ ತಿರುಗಿಸಿಬಿಟ್ಟ. 1794ರ ಫೆಬ್ರವರಿ 24ರಂದು ಜ್ಯೂರಿ ಈಟನ್‌ನನ್ನು ಬಿಟ್ಟು ಕಳಿಸಿತು. ಅವನು ನ್ಯೂಗೇಟ್ ಸ್ಟ್ರೀಟಿನ ತನ್ನ ಅಂಗಡಿಗೆ ‘ಹುಂಜ ಮತ್ತು ಹಂದಿ’ ಅಂತ ಬೋರ್ಡು ಹಾಕಿಕೊಂಡ.

ಇದನ್ನು ಓದುವಾಗ ನನಗೆ ಹಾಂಗ್‌ಕಾಂಗಿನ ಕುರಿಗಳು ನೆನಪಾಗದೆ ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ಐದು ಜನರಿಗೆ ತಲಾ 19 ತಿಂಗಳು ಜೈಲಾಯಿತು, ಎಲ್ಲರೂ ಮಕ್ಕಳಿಗೆ ಮಾತು ಕಲಿಸುವ ಚಿಕಿತ್ಸಕರು. ಮಾಡಿದ್ದು ಮೂರು ಚಿತ್ರಪುಸ್ತಕ. ಅದರಲ್ಲಿ ಕುರಿಗಳ ಹಳ್ಳಿ ಇದೆ, ತೋಳಗಳಿವೆ. ಕುರಿ ಅಂದರೆ ಹಾಂಗ್‌ಕಾಂಗಿನ ಜನ, ತೋಳ ಅಂದರೆ ಚೀನಾದ ಆಡಳಿತ ಅಂತ ಕೋರ್ಟು ಅರ್ಥ ಮಾಡಿಕೊಂಡಿತು. ಕಾನೂನು ಬ್ರಿಟಿಷರು ಬಿಟ್ಟುಹೋದ ಅದೇ ರಾಜದ್ರೋಹದ್ದು. ಮರುವರ್ಷ ಬ್ರಿಟನ್ನಿನಿಂದ ಪಾರ್ಸೆಲ್ಲಿನಲ್ಲಿ ಅವೇ ಪುಸ್ತಕ ತರಿಸಿಕೊಂಡ ಒಬ್ಬನಿಗೆ ನಾಲ್ಕು ತಿಂಗಳು. ಆ ಹೊತ್ತಿಗೆ ಬ್ರಿಟನ್ ಈ ಅಪರಾಧವನ್ನು ತನ್ನ ಕಾನೂನಿನ ಪುಸ್ತಕದಿಂದಲೇ ಅಳಿಸಿ ಹದಿಮೂರು ವರ್ಷವಾಗಿತ್ತು: 2009ರ ಕಾಯಿದೆ, 2010ರ ಜನವರಿಯಲ್ಲಿ ಜಾರಿ. ಈಟನ್ ಕೇಸಿಗೂ ಇದಕ್ಕೂ ಒಂದು ವ್ಯತ್ಯಾಸ ಗಮನಿಸಿ. ಹಾಂಗ್‌ಕಾಂಗಿನ ಆ ವಿಚಾರಣೆಯಲ್ಲಿ ಜ್ಯೂರಿ ಇರಲಿಲ್ಲ. ನಗುವುದಕ್ಕೆ ಹನ್ನೆರಡು ಜನ ಇರಲಿಲ್ಲ.

ಎಲ್ಲರೂ ಈಟನ್ ಥರ ಹಠಮಾರಿಗಳಾಗಿದ್ದರು ಅಂತಲ್ಲ. ಬಹಳಷ್ಟು ಜನ ಸುಮ್ನೆ ಹೊಟ್ಟೆಪಾಡಿಗೆ ಅಂಗಡಿ ಇಟ್ಟವರು. ಲಂಡನ್ನಿನ ಜಾನ್ ಕಟೆಲ್ ಹಳೇ ಗ್ರೀಕ್, ಲ್ಯಾಟಿನ್ ಪುಸ್ತಕ ಮಾರುತ್ತಿದ್ದವನು. ಅವನ ಅಂಗಡಿಗೆ ಬರುತ್ತಿದ್ದ ಗಿಲ್ಬರ್ಟ್ ವೇಕ್‌ಫೀಲ್ಡ್ ಎಂಬ ವಿದ್ವಾಂಸ 1798ರಲ್ಲಿ ಒಬ್ಬ ಬಿಷಪ್ಪನಿಗೆ ಖಾರವಾದ ಉತ್ತರ ಬರೆದ. ಅದರ ಪ್ರತಿಗಳು ಇವನ ಅಂಗಡಿಯಲ್ಲೂ ಮಾರಾಟವಾದವು. ಕಟೆಲ್ ಅದನ್ನು ಓದಿಯೂ ಇರಲಿಲ್ಲ. ಅರ್ಸ್ಕಿನ್ ಎಷ್ಟು ವಾದಿಸಿದರೂ ಅಪರಾಧಿ ಅಂತಲೇ ಆಯಿತು, ದಂಡ ಕಟ್ಟಿ ಬಿಡಿಸಿಕೊಂಡ. ಅದೇ ಪುಸ್ತಿಕೆ ಮಾರಿದ್ದಕ್ಕೆ ಜೋಸೆಫ್ ಜಾನ್ಸನ್‌ಗೆ ಆರು ತಿಂಗಳು ಜೈಲು. ಮೇರಿ ವುಲ್‌ಸ್ಟನ್‌ಕ್ರಾಫ್ಟ್‌ಳ ಪುಸ್ತಕ ಪ್ರಕಟಿಸಿದ, ಸೇಂಟ್ ಪಾಲ್ಸ್ ಚರ್ಚಿನ ಅಂಗಳದ ಬಳಿ ಅಂಗಡಿ ಇಟ್ಟಿದ್ದ ದೊಡ್ಡ ಪ್ರಕಾಶಕ ಅವನು, ಮಹಾ ಎಚ್ಚರದ ಮನುಷ್ಯ, 1791ರಲ್ಲಿ ಪೇನ್ ಪುಸ್ತಕ ಅಚ್ಚಾಗಿದ್ದರೂ ಹೆದರಿ ಕೈಬಿಟ್ಟಿದ್ದವನು. ಅಷ್ಟು ಎಚ್ಚರವಿದ್ದವನೂ ಕೊನೆಗೆ ಸಿಕ್ಕಿಬಿದ್ದ. ಬರೆದ ವೇಕ್‌ಫೀಲ್ಡ್ ಎರಡು ವರ್ಷ ಜೈಲಲ್ಲಿದ್ದು, ಹೊರಬಂದ ಕೆಲವೇ ತಿಂಗಳಲ್ಲಿ 1801ರಲ್ಲಿ ತೀರಿಕೊಂಡ.

ನನ್ನ ಮನಸ್ಸಿಂದ ಹೋಗದ ಒಂದು ದೃಶ್ಯವಿದೆ. ಇದು ರಾಜದ್ರೋಹದ್ದಲ್ಲ, ಅದರ ದಾಯಾದಿ ಕಾನೂನಾದ ಧರ್ಮನಿಂದೆಯದ್ದು. 1797ರಲ್ಲಿ ಥಾಮಸ್ ವಿಲಿಯಮ್ಸ್ ಎಂಬ ಬಡ ಪುಸ್ತಕ ವ್ಯಾಪಾರಿ, ಬೈಬಲ್ಲನ್ನು ಪ್ರಶ್ನಿಸುವ ಪೇನ್‌ನ ‘ಏಜ್ ಆಫ್ ರೀಸನ್’ ಮಾರಿದ. ಒಂದು ಧಾರ್ಮಿಕ ಸಂಘ ಕೇಸು ಹಾಕಿತು. ಅವರ ವಕೀಲ ಯಾರು ಗೊತ್ತಾ? ಪೇನ್ ಪರ ನಿಂತಿದ್ದ ಅದೇ ಅರ್ಸ್ಕಿನ್. ಗೆದ್ದ ಕೂಡ. ಶಿಕ್ಷೆ ಇನ್ನೂ ಆಗಬೇಕಿತ್ತು. ಒಂದು ದಿನ ಅರ್ಸ್ಕಿನ್ ಲಂಡನ್ನಿನ ಬೀದಿಯಲ್ಲಿ ನಡೆದು ಹೋಗುತ್ತಿದ್ದಾಗ ಒಬ್ಬ ಹೆಂಗಸು ಅಳುತ್ತಾ ಅವನ ಕೋಟು ಹಿಡಿದು ಜಗ್ಗಿದಳು. ವಿಲಿಯಮ್ಸ್‌ನ ಹೆಂಡತಿ. ಒಂದು ಕಿಷ್ಕಿಂಧದಂಥ ಮನೆಗೆ ಕರೆದುಕೊಂಡು ಹೋದಳು. ಮಕ್ಕಳು ಸಿಡುಬಿನಿಂದ ಮಲಗಿದ್ದವು. ವಿಲಿಯಮ್ಸ್ ಕೂತು ಪುಸ್ತಿಕೆ ಹೊಲಿಯುತ್ತಿದ್ದ, ಅದೂ ಎಂಥವು ಅಂದರೆ ಭಕ್ತಿಯ ಪುಸ್ತಿಕೆಗಳು! ಹೊಟ್ಟೆಪಾಡಿಗೆ ಪೇನೂ ಒಂದೇ, ಪಾದ್ರಿಯೂ ಒಂದೇ. ಅರ್ಸ್ಕಿನ್ ಸಂಘದವರಿಗೆ ಬರೆದ, ಗೆದ್ದಾಗಿದೆ, ಈಗ ಕನಿಕರ ತೋರಿಸಿ ಅಂತ. ಅವರು ಒಪ್ಪಲಿಲ್ಲ. ಅವನು ಅವರ ಫೀಸು ವಾಪಸು ಕೊಟ್ಟು ಕೇಸು ಬಿಟ್ಟ. ವಿಲಿಯಮ್ಸ್‌ಗೆ ಒಂದು ವರ್ಷ ಕಠಿಣ ಶಿಕ್ಷೆಯಾಯಿತು.

ಕೇಸುಗಳು ಜಾಸ್ತಿಯಾದ ಹಾಗೆ ಸರ್ಕಾರಕ್ಕೆ ಒಂದು ವಿಷಯ ತಲೆಗೆ ಹೋಗಬೇಕಿತ್ತು: ಕೋರ್ಟು ಅಂದರೆ ಪುಸ್ತಕಕ್ಕೆ ಪುಕ್ಕಟೆ ಜಾಹೀರಾತು. 1817ರ ಡಿಸೆಂಬರ್ 18, 19, 20, ಮೂರು ದಿನ ಮೂರು ಕೇಸಿನಲ್ಲಿ ವಿಲಿಯಂ ಹೋನ್ ತಾನೇ ವಾದ ಮಾಡಿದ, ತಾನು ಪ್ರಕಟಿಸಿದ ಅಣಕುಗಳನ್ನು ಓದಿಸಿಕೊಂಡು ಕೋರ್ಟೇ ನಕ್ಕಿತು, ಮೂರರಲ್ಲೂ ಬಿಡುಗಡೆ. 1819ರಲ್ಲಿ ಪುಸ್ತಕ ವ್ಯಾಪಾರಿ ರಿಚರ್ಡ್ ಕಾರ್ಲೈಲ್ ಇನ್ನೂ ಬುದ್ಧಿವಂತಿಕೆ ತೋರಿಸಿದ. ನನ್ನ ವಾದಕ್ಕೆ ಬೇಕು ಅಂತ ‘ಏಜ್ ಆಫ್ ರೀಸನ್’ ಪೂರ್ತಿ ಪುಸ್ತಕವನ್ನೇ ಕೋರ್ಟಿನಲ್ಲಿ ಓದಿಬಿಟ್ಟ. ಕೋರ್ಟಿನ ವರದಿ ಅಚ್ಚು ಹಾಕಬಹುದಲ್ಲ? ನಿಷೇಧದ ಪುಸ್ತಕ ವಿಚಾರಣೆಯ ವರದಿಯ ವೇಷ ಹಾಕಿಕೊಂಡು ಹೊರಬಂತು. ಆ ವರದಿ ಮಾರಿದ್ದರ ಮೇಲೂ ಕೇಸು ಬಿತ್ತು ಅನ್ನುವುದು ಬೇರೆ ಮಾತು.

ಕಾರ್ಲೈಲ್‌ಗೆ ಮೂರು ವರ್ಷ ಜೈಲು, 1,500 ಪೌಂಡ್ ದಂಡ. ದಂಡ ಕಟ್ಟದೆ 1825ರ ತನಕ ಡಾರ್ಚೆಸ್ಟರ್ ಜೈಲಿನಲ್ಲೇ ಇದ್ದ. ಅಂಗಡಿ ಹೆಂಡತಿ ಜೇನ್ ನೋಡಿಕೊಂಡಳು, ಅವಳನ್ನೂ ಒಳಗೆ ಹಾಕಿದರು. ತಂಗಿ ಬಂದಳು, ಅವಳನ್ನೂ. ಆಮೇಲೆ ಬೇರೆ ಬೇರೆ ಊರುಗಳಿಂದ ಜನ ತಾವಾಗಿಯೇ ಬಂದು ಕೌಂಟರಿನಲ್ಲಿ ನಿಂತರು, ಒಬ್ಬರಾದ ಮೇಲೆ ಒಬ್ಬರು ಜೈಲಿಗೆ ಹೋದರು. ನಾಟಿಂಗ್‌ಹ್ಯಾಮಿನಿಂದ ಬಂದ ಸುಸನ್ನಾ ರೈಟ್ ಕೈಗೂಸಿನ ಜೊತೆ ಹೋದಳು. ಕೊನೆಗೆ ಅಂಗಡಿಯಲ್ಲಿ ಒಂದು ಯಂತ್ರ ಕೂರಿಸಿದರು. ಗಡಿಯಾರದ ಮುಖದ ಹಾಗೆ ಒಂದು ಫಲಕ, ಅದರ ಸುತ್ತ ಪುಸ್ತಕಗಳ ಹೆಸರು. ಗಿರಾಕಿ ಮುಳ್ಳನ್ನು ತನಗೆ ಬೇಕಾದ ಹೆಸರಿಗೆ ತಿರುಗಿಸಿ ದುಡ್ಡು ಹಾಕಿದರೆ ಗೋಡೆಯ ಆಚೆಯಿಂದ ಪುಸ್ತಕ ಬೀಳುತ್ತಿತ್ತು. ಮಾರಿದವರ ಮುಖ ಕಾಣುವುದಿಲ್ಲ. ಚಾಡಿಕೋರ ಯಾರ ಮೇಲೆ ಸಾಕ್ಷಿ ಹೇಳಬೇಕು?

ಈಗ ನಮ್ಮ ಕಡೆಗೆ ಬರೋಣ. ಇದೇ ಕಾನೂನಿನ ಕಸಿ 1870ರಲ್ಲಿ ಭಾರತದ ದಂಡಸಂಹಿತೆಗೆ 124ಎ ಆಗಿ ಸೇರಿತು. ಟಿಳಕರು ಮಂಡಾಲೆಗೆ ಹೋದದ್ದು, 1922ರಲ್ಲಿ ಗಾಂಧೀಜಿ ಆರು ವರ್ಷದ ಶಿಕ್ಷೆ ಪಡೆದದ್ದು ಇದರಡಿಯಲ್ಲೇ. 2020ರಲ್ಲಿ ಬೀದರಿನ ಒಂದು ಶಾಲೆಯ ಮಕ್ಕಳ ನಾಟಕಕ್ಕೂ ಇದೇ ಸೆಕ್ಷನ್ ಹಾಕಿ, ಒಬ್ಬ ಶಿಕ್ಷಕಿಯನ್ನೂ ಒಬ್ಬ ಮಗುವಿನ ತಾಯಿಯನ್ನೂ ಜೈಲಿಗೆ ಕಳಿಸಿದ್ದರು. 2023ರಲ್ಲಿ ಹೈಕೋರ್ಟು ಆ ಕೇಸು ರದ್ದು ಮಾಡಿತು. 2022ರ ಮೇ 11ರಂದು ಸುಪ್ರೀಂ ಕೋರ್ಟು 124ಎಯನ್ನು ತಡೆಹಿಡಿಯಿತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 152 ಬಂದಿದೆ. ರಾಜದ್ರೋಹ ಎಂಬ ಪದ ಹೋಗಿದೆ. ಜೀವಾವಧಿ ಉಳಿದಿದೆ, ಅದಿಲ್ಲದಿದ್ದರೆ ಮೂರು ವರ್ಷದವರೆಗೆ ಅಂತ ಇದ್ದದ್ದು ಏಳು ವರ್ಷದವರೆಗೆ ಆಗಿದೆ. ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಪುಸ್ತಕ ಮಾರುವವರ ಮಟ್ಟಿಗೆ ಒಂದು ಒಳ್ಳೆಯದು ಅಂದರೆ, ‘ಉದ್ದೇಶಪೂರ್ವಕವಾಗಿ ಅಥವಾ ತಿಳಿದು’ ಮಾಡಿದರೆ ಅನ್ನುವ ಮಾತು ಹೊಸ ಸೆಕ್ಷನ್ನಿನಲ್ಲಿದೆ. ಜಾನ್ ಕಟೆಲ್‌ಗೆ ಅದೇ ಸಿಕ್ಕಿರಲಿಲ್ಲ.

ಆದರೆ ಪುಸ್ತಕದಂಗಡಿಯವರನ್ನು ಈಗ ಮುಟ್ಟುವುದು ಈ ಸೆಕ್ಷನ್ ಅಲ್ಲ, ಮುಟ್ಟುಗೋಲು. 1922ರಲ್ಲಿ ಬ್ರಿಟಿಷರು ಕ್ರಿಮಿನಲ್ ಪ್ರೊಸೀಜರ್ ಕೋಡಿಗೆ 99ಎ ಅಂತ ಒಂದು ಸೆಕ್ಷನ್ ಸೇರಿಸಿದರು. ಸ್ವಾತಂತ್ರ್ಯ ಬಂದ ಮೇಲೆ 1973ರ ಕೋಡಿನಲ್ಲಿ ಅದು 95 ಆಯಿತು, ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 98. ಸರ್ಕಾರ ಗೆಜೆಟ್ಟಿನಲ್ಲಿ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು, ಆ ಪುಸ್ತಕದ ಪ್ರತಿಯೊಂದು ಪ್ರತಿಯೂ ಸರ್ಕಾರದ್ದು. ಇಲ್ಲಿ ಆರೋಪಿ ಮನುಷ್ಯನಲ್ಲ, ಪುಸ್ತಕ. ಜ್ಯೂರಿ ಬೇಡ, ಗರ್ನಿಯಂಥ ವಕೀಲ ಎದ್ದು ನಿಲ್ಲುವ ಅಪಾಯವಿಲ್ಲ, ಹುಂಜ ಅಂದರೆ ಯಾರು ಅಂತ ಗಟ್ಟಿಯಾಗಿ ಓದಿ ನಗೆಪಾಟಲಿಗೆ ಈಡಾಗಬೇಕಾದ್ದಿಲ್ಲ. ಈಟನ್, ಹೋನ್, ಕಾರ್ಲೈಲ್ ಮೂವರೂ ಸರ್ಕಾರಕ್ಕೆ ಕೊಟ್ಟ ಕಾಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ ಅಂತ ನನಗನಿಸುತ್ತದೆ.

2025ರ ಫೆಬ್ರವರಿಯಲ್ಲಿ ಶ್ರೀನಗರದ ಪುಸ್ತಕದಂಗಡಿಗಳಿಂದ ಪೊಲೀಸರು 668 ಪುಸ್ತಕ ಹೊತ್ತುಕೊಂಡು ಹೋದರು. ಆಗಸ್ಟ್ 5ರಂದು ಜಮ್ಮು ಕಾಶ್ಮೀರದ ಗೃಹ ಇಲಾಖೆ ಇದೇ 98ನೇ ಸೆಕ್ಷನ್ ಬಳಸಿ 25 ಪುಸ್ತಕ ಮುಟ್ಟುಗೋಲು ಹಾಕಿತು, ಪೊಲೀಸರು ಮತ್ತೆ ಅಂಗಡಿಗಳನ್ನು ತಡಕಾಡಿದರು. ಅದರಲ್ಲಿ ಕೆಲವು ವರ್ಷಗಟ್ಟಲೆಯಿಂದ ಅಂಗಡಿಯಲ್ಲಿ ಬಿಲ್ ಹಾಕಿ ಮಾರುತ್ತಿದ್ದ ಪುಸ್ತಕಗಳೇ.

ಇದರ ವಿರುದ್ಧ ಹೋಗಲು ದಾರಿಯಿಲ್ಲ ಅಂತಲ್ಲ. ಅದೇ ನಾಗರಿಕ ಸುರಕ್ಷಾ ಸಂಹಿತೆಯ 99ನೇ ಸೆಕ್ಷನ್ ಪ್ರಕಾರ ಆ ಪುಸ್ತಕದಲ್ಲಿ ಹಿತಾಸಕ್ತಿ ಇರುವ ಯಾರು ಬೇಕಾದರೂ ಎರಡು ತಿಂಗಳ ಒಳಗೆ ಹೈಕೋರ್ಟಿಗೆ ಅರ್ಜಿ ಹಾಕಬಹುದು, ಮೂವರು ಜಡ್ಜುಗಳ ವಿಶೇಷ ಪೀಠ ಅದನ್ನು ಕೇಳಬೇಕು. ಅಂಗಡಿಯವರಿಗೂ ಆ ಹಿತಾಸಕ್ತಿ ಇದೆ ಅಂತಲೇ ವಾದಿಸಬಹುದು. ಶ್ರೀನಗರದ ಆದೇಶದ ವಿರುದ್ಧ ಲೇಖಕರೂ ನಿವೃತ್ತ ಅಧಿಕಾರಿಗಳೂ ಹೈಕೋರ್ಟಿಗೆ ಹೋದರು. ಒಂದು ಪ್ರತಿ ಮಾರಿದರೆ ನೂರಿನ್ನೂರು ರೂಪಾಯಿ ಉಳಿಯುವ ಪುಸ್ತಕಕ್ಕಾಗಿ, ಸರ್ಕಾರದ ಎದುರು, ನಾಳೆ ಮತ್ತೆ ಅದೇ ಪೊಲೀಸರ ಕಣ್ಣೆದುರು ಶಟರ್ ಎತ್ತಬೇಕಾದ ಮನುಷ್ಯ ಎರಡು ತಿಂಗಳಲ್ಲಿ ವಕೀಲರನ್ನು ಹುಡುಕಿಕೊಂಡು ಹೋಗುವುದಕ್ಕಿಂತ, ಆ ಪಟ್ಟಿ ನೋಡಿ ಶೆಲ್ಫಿನಿಂದ ಇಪ್ಪತ್ತೈದು ತೆಗೆದಿಟ್ಟು, ಪಟ್ಟಿಯಲ್ಲಿಲ್ಲದ ಇನ್ನೂ ಹತ್ತನ್ನು ಯಾಕೆ ಬೇಕು ಅಂತ ಅದರ ಜೊತೆಗೇ ಒಳಗಿಡುವ ಸಾಧ್ಯತೆಯೇ ಜಾಸ್ತಿ, ಅಲ್ವಾ?